ಬೀಳಲು ಕಲಿಸಿದ ಟೀಚರ್

ಟೀಚರ್ ತೀರಿಕೊಂಡ ಮೇಲೆ ಅವನನ್ನು ಕಂಡವರೆಲ್ಲ ಕೇಳುತ್ತಿದ್ದುದು ಒಂದೇ ಮಾತು. "ಪ್ಯಾರಾಚೂಟು ಬಿಚ್ಕೊಳ್ಳಲಿಲ್ವಂತಾ?"

ಮೊದಮೊದಲು ಅವನು ತಾಳ್ಮೆಯಿಂದಲೇ ಬಿಡಿಸಿ ಹೇಳುತ್ತಿದ್ದ. ಇಲ್ಲ, ಅವರು ಆಕಾಶದಿಂದ ಬಿದ್ದು ಸತ್ತದ್ದಲ್ಲ. ರಕ್ತದ ಕಾಯಿಲೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದವರು ಮಧ್ಯಾಹ್ನದ ಹೊತ್ತಿಗೆ ಹಾಗೇ ಹೋದರು. ಇದನ್ನು ಕೇಳಿದವರ ಮುಖ ಸ್ವಲ್ಪ ಸಪ್ಪಗಾಗುತ್ತಿತ್ತು. ಅರವತ್ತು ದಾಟಿದರೂ ವಿಮಾನದಿಂದ ಧುಮುಕುತ್ತಿದ್ದ ಹೆಂಗಸು ಎಲ್ಲರ ಹಾಗೆ ಹಾಸಿಗೆಯಲ್ಲಿ ಸಾಯುವುದು ಯಾಕೋ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಆಮೇಲಾಮೇಲೆ ಅವನೂ "ಹೂಂ, ಹೋದ್ರು" ಎಂದಷ್ಟೇ ಹೇಳಿ, ಸಾಮಾನಿನ ಚೀಲ ಹೆಗಲಿಗೇರಿಸಿ ಮುಂದೆ ನಡೆಯತೊಡಗಿದ.

ಅವನು ಲಿಫ್ಟ್ ಮೆಕ್ಯಾನಿಕ್. ಜನರಿಗೆ ಲಿಫ್ಟೆಂದರೆ ಒಂದು ಕನ್ನಡಿ, ನಾಲ್ಕು ಗುಂಡಿ. ಅವನಿಗೆ ಕಾಣುತ್ತಿದ್ದುದು ಅದರ ನೆತ್ತಿ, ಬೆನ್ನು, ಹೊಟ್ಟೆ. ಲಿಫ್ಟಿನ ನೆತ್ತಿಯ ಮೇಲೆ ನಿಂತು, ಕತ್ತಲ ಬಾವಿಯಂಥ ಗೋಡೆಗಳ ನಡುವೆ ಟಾರ್ಚು ಹಿಡಿದು, ಉಕ್ಕಿನ ಹಗ್ಗಗಳ ಮೇಲೆ ಹತ್ತಿಬಟ್ಟೆಯನ್ನು ಮೆಲ್ಲನೆ ಜಾರಿಸುತ್ತಿದ್ದ. ಎಲ್ಲಾದರೂ ಒಂದು ಎಳೆ ಮುರಿದಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಳಿಗೆ ಎಣ್ಣೆ ಬಿಡುತ್ತಿದ್ದ, ಬ್ರೇಕು ಹಲ್ಲು ಕಚ್ಚಿ ನಿಲ್ಲುತ್ತದೋ ಇಲ್ಲವೋ ಎಂದು ನೋಡುತ್ತಿದ್ದ. ಒಟ್ಟಿನಲ್ಲಿ ಯಾರೂ ಬೀಳಬಾರದು, ಅಷ್ಟೇ ಅವನ ಕೆಲಸ. ಅಂಥವನು ಶನಿವಾರ ಬಂತೆಂದರೆ ಊರಾಚೆ ಹೋಗಿ ತಾನಾಗಿ ಆಕಾಶದಿಂದ ಬೀಳುತ್ತಿದ್ದ ಎಂದರೆ ಅದು ಟೀಚರ್ ಹಚ್ಚಿದ ಹುಚ್ಚು.

ಅವರನ್ನು ಅವನು ಮೊದಲು ಕಂಡದ್ದು ಮೇಲಿನಿಂದ. ನೀಲಿ ಬಾಲ್ಕನಿಗಳ ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ಯಾರೋ ಸಿಕ್ಕಿಕೊಂಡಿದ್ದಾರೆಂದು ಫೋನು ಬಂದಾಗ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಓಡಿದ್ದ. ಇಂಥ ಹೊತ್ತಿನಲ್ಲಿ ಬಾಗಿಲು ಸರಿಸಿದರೆ ಒಳಗಿಂದ ಅಳುವೋ ಬೈಗುಳವೋ ಬರುವುದು ವಾಡಿಕೆ. ಅಂದು ಬಂದದ್ದು ಕಿತ್ತಳೆ ಹಣ್ಣಿನ ವಾಸನೆ. ಬಗ್ಗಿ ನೋಡಿದರೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಒಬ್ಬ ಹೆಂಗಸು. ಚಪ್ಪಲಿ ಬಿಚ್ಚಿ ಮೂಲೆಗಿಟ್ಟು, ಮಕ್ಕಳ ಉತ್ತರಪತ್ರಿಕೆಗಳನ್ನು ತೊಡೆಯ ಮೇಲೆ ಹರಡಿಕೊಂಡು ತಿದ್ದುತ್ತಿದ್ದರು. ಭೂಗೋಳದ ಟೀಚರ್.

"ಬಂದ್ರಾ? ತಗೊಳ್ಳಿ, ಒಂದು ತೊಳೆ ತಿನ್ನಿ. ಓಡಿ ಬಂದ ಹಾಗಿದೆ," ಎಂದು ಕೈ ಮೇಲಕ್ಕೆ ಚಾಚಿದರು.

"ಹೆದರ್ಕೋಬೇಡಿ ಟೀಚರ್. ಇದು ಬೀಳಲ್ಲ."

"ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳ್ತೀರಿ?"

ಅವನು ತೊಳೆ ಬಾಯಿಗೆ ಹಾಕಿಕೊಂಡು ಹೇಳಿದ. ಒಂದಲ್ಲ, ಹಲವು ಹಗ್ಗಗಳಿವೆ. ಒಂದೇ ಉಳಿದರೂ ಸಾಕು. ಎಲ್ಲವೂ ಕಡಿದರೆ ವೇಗ ಹೆಚ್ಚಿದ್ದು ತಾನಾಗೇ ಗೊತ್ತಾಗಿ ಬ್ರೇಕು ಹಳಿಯನ್ನು ಕಚ್ಚಿಕೊಳ್ಳುತ್ತದೆ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು. ಕೊನೆಗೆ ಹುಬ್ಬೇರಿಸಿ, "ಅಂದ್ರೆ ಏನೇ ಆದ್ರೂ ಬೀಳೋಕೆ ಬಿಡಲ್ಲ ನೀವು. ಛೇ, ಪಾಪ. ನಿಮಗೆ ಬಿದ್ದೇ ಗೊತ್ತಿಲ್ಲ," ಎಂದರು.

"ನೀವು ಬಿದ್ದಿದೀರಾ?"

"ಶನಿವಾರ ಶನಿವಾರ ಬೀಳ್ತೀನಿ."

ಅವನು ತನ್ನ ಸರ್ವಿಸಿನಲ್ಲಿ ಎಷ್ಟೋ ಸಡಿಲ ಸ್ಕ್ರೂಗಳನ್ನು ಬಿಗಿ ಮಾಡಿದ್ದ. ಇದು ಮಾತ್ರ ತನ್ನ ಕೈಲಾಗುವಂಥದ್ದಲ್ಲ ಅಂದುಕೊಂಡ. ಏಣಿ ಇಳಿಸಿ, ಕೈ ಹಿಡಿದು ಮೇಲಕ್ಕೆ ಹತ್ತಿಸಿಕೊಂಡಾಗ ಅವರು ಚಪ್ಪಲಿ ಕೈಯಲ್ಲಿ ಹಿಡಿದೇ, "ಥ್ಯಾಂಕ್ಸ್ ಲಿಫ್ಟಪ್ಪ," ಎಂದರು. ಅಂದಿನಿಂದ ಅವನ ಹೆಸರು ಅದೇ ಆಯಿತು. ಕಟ್ಟಡದ ಕಾವಲುಗಾರನಿಂದ ಹಿಡಿದು ಕೊನೆಗೆ ಅವನ ಹೆಂಡತಿಯವರೆಗೂ ಎಲ್ಲರ ಬಾಯಲ್ಲೂ ಲಿಫ್ಟಪ್ಪ.

ಆಮೇಲೆ ತಿಂಗಳಿಗೊಮ್ಮೆ ಸರ್ವಿಸಿಗೆ ಹೋದಾಗಲೆಲ್ಲ ಅವರ ಮನೆಯಲ್ಲಿ ಒಂದು ಲೋಟ ಕಾಫಿ ಖಾಯಂ ಆಯಿತು. ಒಬ್ಬರೇ ಇದ್ದರು, ಮದುವೆ ಮಾಡಿಕೊಂಡಿರಲಿಲ್ಲ. ಗೋಡೆಯ ತುಂಬ ಮ್ಯಾಪುಗಳು, ಕಪಾಟಿನ ತುಂಬ ಕಲ್ಲುಗಳು. ಈ ಹುಚ್ಚು ಹೇಗೆ ಹತ್ತಿತು ಎಂದು ಅವನು ಒಂದು ದಿನ ಕೇಳಿಯೇಬಿಟ್ಟ.

"ವರ್ಷಗಟ್ಟಲೆ ಮೋಡದ ಪಾಠ ಮಾಡಿದೆ. ಒಬ್ಬ ಪುಟ್ಟಿ ಎದ್ದು ನಿಂತು, ಟೀಚರ್, ಮೋಡಕ್ಕೆ ವಾಸನೆ ಇರುತ್ತಾ ಅಂದ್ಲು. ನನ್ನ ಬಾಯಿ ಕಟ್ಟಿಹೋಯ್ತು. ಗೊತ್ತಿಲ್ಲದ ವಸ್ತುವಿಗೆ ಇಷ್ಟು ವರ್ಷ ಮಾರ್ಕ್ಸ್ ಹಾಕಿದೀನಲ್ಲಪ್ಪಾ ಅನ್ನಿಸ್ತು."

"ಇರುತ್ತಾ ವಾಸನೆ?"

"ಸ್ಲೇಟು ಒರೆಸಿದ ಒದ್ದೆಬಟ್ಟೆ ಇರುತ್ತಲ್ಲ, ಅದೇ. ಮೋಡದ ಒಳಗೆ ಧುಮುಕಬಾರದು ಅಂತ ರೂಲ್ಸು. ಅಂಚು ಸೋಕಿದ್ರೆ ಯಾರು ಕೇಳ್ತಾರೆ?"

ಅವನು ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿದ. ಹೆಂಡತಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಹೆದರಿದವರನ್ನು ಸಮಾಧಾನ ಮಾಡುವುದೇ ಅವಳ ಪಾಡು. ಕೇಳಿ ನಕ್ಕಳು. ಮುಂದಿನ ಶನಿವಾರ ತಾನೂ ಒಮ್ಮೆ ಹೋಗಿ ನೋಡಿ ಬರಲೇ ಎಂದು ಅವನು ಕೇಳಿದಾಗ ಮಾತ್ರ ಅವಳ ನಗು ನಿಂತಿತು. "ನೋಡಿ ಬರೋದಾ, ಬಿದ್ದು ಬರೋದಾ? ಸರಿಯಾಗಿ ಹೇಳ್ರೀ."

ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಊರಾಚೆಯ ಆ ಬಯಲಿನಲ್ಲಿ ಒಂದು ತಗಡಿನ ಶೆಡ್ಡು, ಕೊಯ್ದ ಹುಲ್ಲಿನ ವಾಸನೆ, ಹಿಂದಿನ ಸೀಟುಗಳನ್ನೆಲ್ಲ ಕಿತ್ತುಹಾಕಿದ ಒಂದು ಸಣ್ಣ ವಿಮಾನ. ಮೊದಲ ಸಲ ಬಂದವರನ್ನು ಕೋಚ್ ತನ್ನ ಎದೆಗೆ ಪಟ್ಟಿಗಳಿಂದ ಬಿಗಿದುಕೊಂಡು ಧುಮುಕುತ್ತಾನೆ. ಪಟ್ಟಿ ಬಿಗಿಯುವಾಗ ಲಿಫ್ಟಪ್ಪ ಪ್ರತಿ ಕೊಂಡಿಯನ್ನೂ ತಾನೇ ಎಳೆದೆಳೆದು ನೋಡಿದ. ಕೋಚ್ ನಗುತ್ತಾ, "ಏನ್ ಸಾರ್, ನೀವೇ ಪಾಸ್ ಮಾಡ್ಬೇಕಾ?" ಅಂದ. ವಿಮಾನ ಏರುತ್ತಾ ಹೋದಂತೆ ಅವನು ಕೊಂಡಿಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ. ಎದುರಿಗೆ ಕೆಂಪು ಉಡುಪಿನಲ್ಲಿ ಟೀಚರ್ ಮೊಣಕಾಲು ಅಪ್ಪಿಕೊಂಡು ಕೂತಿದ್ದರು, ಬಸ್ಸಿನಲ್ಲಿ ಎಲ್ಲೋ ನೆಂಟರ ಮನೆಗೆ ಹೊರಟವರ ಹಾಗೆ. ಅವನ ಮುಖ ನೋಡಿ ಹತ್ತಿರ ಬಾಗಿ, ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು.

"ಲಿಫ್ಟಪ್ಪ, ಬೀಳ್ತಿದೀನಿ ಅಂತ ಅನ್ನಿಸೋದೇ ಇಲ್ಲ ನೋಡು!"

ಅವನು ನಂಬಲಿಲ್ಲ. ಬಾಗಿಲು ತೆರೆಯಿತು, ಗಾಳಿ ನುಗ್ಗಿತು, ಜೀವ ಬಾಯಿಗೆ ಬಂತು. ಆಮೇಲೆ ಬಾಗಿಲೂ ಇರಲಿಲ್ಲ, ವಿಮಾನವೂ ಇರಲಿಲ್ಲ.

ಅವರು ಹೇಳಿದ್ದು ನಿಜವಾಗಿತ್ತು. ಭೂಮಿ ಹತ್ತಿರ ಬರಲೇ ಇಲ್ಲ. ದೂರದಲ್ಲಿ ಬಿಚ್ಚಿಟ್ಟ ಹಾಸಿನಂತೆ ಸುಮ್ಮನಿತ್ತು. ಗಾಳಿ ಎಷ್ಟು ದಪ್ಪವಾಗಿತ್ತೆಂದರೆ ಅದರ ಮೇಲೆ ಹೊಟ್ಟೆ ಊರಿ ಮಲಗಬಹುದಾಗಿತ್ತು. ಅವನು ಮಲಗಿದ. ಎಡಗಡೆಯಿಂದ ಏನೋ ಕೆಂಪಗೆ ತೇಲಿ ಬಂತು. ಟೀಚರ್ ಗಾಳಿಯಲ್ಲಿ ಈಜುತ್ತಾ ಅವನ ಎದುರಿಗೆ ಬಂದು ನಿಂತರು, ಅಥವಾ ಮಲಗಿದರು, ಯಾವ ಪದ ಬಳಸಬೇಕೋ ಅವನಿಗೆ ಇಂದಿಗೂ ತಿಳಿಯದು. ಗಾಳಿಗೆ ಕೆನ್ನೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು, ಬಾಯಿ ತುಂಬ ನಗು. ಎರಡೂ ಕೈ ಚಾಚಿ ಅವನ ಎರಡೂ ಕೈ ಹಿಡಿದುಕೊಂಡರು. ಒಂದು ಗಳಿಗೆ ಇಬ್ಬರೂ ಹಾಗೇ ಇದ್ದರು, ಯಾರ ಮನೆಯ ಅಂಗಳದಲ್ಲೋ ಕೈಕೈ ಹಿಡಿದು ಆಡುವ ಮಕ್ಕಳಂತೆ. ಆಮೇಲೆ ಕೈ ಬಿಟ್ಟು, ಟಾಟಾ ಮಾಡಿ, ಪಕ್ಕಕ್ಕೆ ಹೊರಳಿ ಜಾರಿಹೋದರು.

ಪ್ಯಾರಾಚೂಟು ತೆರೆದುಕೊಂಡಿತು, ಗಾಳಿಯ ಗದ್ದಲ ಥಟ್ಟನೆ ನಿಂತಿತು. ಆ ಮೌನದಲ್ಲಿ ಎಲ್ಲೋ ಕೆಳಗೆ ಒಂದು ನಾಯಿ ಬೊಗಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಅದಾದ ಮೇಲೆ ಅವನು ಕ್ಲಾಸಿಗೆ ಸೇರಿದ, ಪರೀಕ್ಷೆ ಪಾಸು ಮಾಡಿದ, ಒಬ್ಬನೇ ಧುಮುಕುವುದನ್ನು ಕಲಿತ. ಹೆಂಡತಿ ಒಂದಷ್ಟು ದಿನ ಮೂಗು ಮುರಿದಳು. ಆಮೇಲೆ ಮಗಳನ್ನು ಕರೆದುಕೊಂಡು ನೋಡಲು ಬಂದಳು. ಟೀಚರ್ ಅವಳ ಕೈ ಹಿಡಿದು, "ನಿಮ್ಮ ಯಜಮಾನರನ್ನ ಮೇಲಿಂದ ಬೀಳಿಸಿ, ಜೋಪಾನವಾಗಿ ವಾಪಸ್ ತಲುಪಿಸೋ ಜವಾಬ್ದಾರಿ ನನ್ನದು," ಎಂದಾಗ ಅವಳು ನಕ್ಕುಬಿಟ್ಟಳು. ಅಲ್ಲಿಗೆ ಜಗಳ ಮುಗಿಯಿತು. ಶನಿವಾರದ ಬುತ್ತಿಯಲ್ಲಿ ಟೀಚರಿಗೂ ಒಂದು ಪಾಲು ಸೇರಿಕೊಂಡಿತು.

ಧುಮುಕುವುದು ಕೆಲವೇ ಹೊತ್ತಿನ ಮಾತು. ಉಳಿದ ಹೊತ್ತೆಲ್ಲ ಶೆಡ್ಡಿನ ನೆಲಹಾಸಿನ ಮೇಲೆ ಮೊಣಕಾಲೂರಿ ಪ್ಯಾರಾಚೂಟು ಮಡಿಸುವುದರಲ್ಲಿ ಹೋಗುತ್ತಿತ್ತು. ಬಟ್ಟೆಯೊಳಗಿನ ಗಾಳಿಯನ್ನು ಮೈಯಿಂದ ಒತ್ತಿ ಒತ್ತಿ ಹೊರಹಾಕಬೇಕು. ಅವಸರ ಮಾಡಿದರೆ ಅದು ಮತ್ತೆ ಉಬ್ಬುತ್ತದೆ. ಟೀಚರ್ ಅದರ ಮೇಲೆ ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದರು. "ಹೀಗೇ ತಟ್ಟಿ ಮಲಗಿಸ್ಬೇಕು ಲಿಫ್ಟಪ್ಪ, ಗದರಬಾರದು." ಎಷ್ಟೋ ಸಲ ಅವರಿಗೇ ಜೋಂಪು ಹತ್ತುತ್ತಿತ್ತು. ತಗಡಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿದು ಬಟ್ಟೆಯ ಮೇಲೆ ಬೀಳುತ್ತಿತ್ತು. ಅವನು ಸದ್ದು ಮಾಡದೆ ತನ್ನ ಪ್ಯಾರಾಚೂಟು ಮಡಿಸುತ್ತಾ ಅವರ ಉಸಿರು ಕೇಳುತ್ತಿದ್ದ. ಆ ಮಧ್ಯಾಹ್ನಗಳು ಹೇಗೆ ಬಂದವೋ ಹೇಗೆ ಹೋದವೋ, ಲೆಕ್ಕ ಸಿಗದು.

ಕಾಯಿಲೆ ಬಂದದ್ದೂ ಹಾಗೆಯೇ, ಸದ್ದಿಲ್ಲದೆ. ಮೊದಲು ಸುಸ್ತು, ಆಮೇಲೆ ಮೈಮೇಲೆ ನೀಲಿ ಕಲೆಗಳು, ಆಮೇಲೆ ಆಸ್ಪತ್ರೆ. ಅವನು ಕೆಲಸ ಮುಗಿಸಿ ಅದೇ ದಾರಿಯಲ್ಲಿ ಹೋಗಿ ಕೂರುತ್ತಿದ್ದ. "ಇವತ್ತು ಗಾಳಿ ಹೇಗಿದೆ?" ಎಂದು ಕೇಳುವರು. ಅವನು ಕಿಟಕಿಯಾಚೆ ನೋಡಿ, ಯಾವ ಕಡೆಯಿಂದ ಬೀಸುತ್ತಿದೆ, ಮೋಡ ಎಷ್ಟು ಮೇಲಿದೆ, ಧುಮುಕಬಹುದೋ ಬಾರದೋ ಎಂದೆಲ್ಲ ವರದಿ ಒಪ್ಪಿಸುತ್ತಿದ್ದ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಯ ದಿನಗಳಲ್ಲಿ ಔಷಧಿಯ ಮಂಪರು. ಒಮ್ಮೆ ಅವನ ಮಣಿಕಟ್ಟು ಹಿಡಿದು, "ಬಾಗಿಲು ತೆಗೆದ್ರಾ?" ಎಂದರು.

ಯಾವ ಬಾಗಿಲೆಂದು ಅವನಿಗೆ ತಕ್ಷಣ ತಿಳಿಯಿತು. "ಇನ್ನೂ ಇಲ್ಲ ಟೀಚರ್. ಇನ್ನೂ ಏರ್ತಾ ಇದೀವಿ."

"ಸರಿ. ತಣ್ಣಗಿದೆ ಅಲ್ವಾ ಇಲ್ಲಿ," ಎಂದರು. ಅವನು ಹೊದಿಕೆಯನ್ನು ಕತ್ತಿನವರೆಗೆ ಎಳೆದ. ಮರುದಿನ ಮಧ್ಯಾಹ್ನ ಅವರು ಹೋದರು. ಆಗ ಅವನು ಪೇಟೆಯ ಒಂದು ಕಟ್ಟಡದಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಹಗ್ಗ ಒರೆಸುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ಬಯಲಿಗೆ ಹೋದ. ಎಲ್ಲರೂ ಅವನ ಬೆನ್ನು ತಟ್ಟಿದರು. ಕೋಚ್ ತಬ್ಬಿಕೊಂಡ. ವಿಮಾನ ಏರಿತು, ಬಾಗಿಲು ತೆರೆಯಿತು, ಒಬ್ಬೊಬ್ಬರಾಗಿ ಧುಮುಕಿದರು. ಅವನು ಬಾಗಿಲ ಅಂಚಿಗೆ ಬಂದು ಚೌಕಟ್ಟು ಹಿಡಿದ. ಹಿಡಿದ ಕೈ ಬಿಡಲಿಲ್ಲ. ಹೆದರಿಕೆಯಾಗಿದ್ದರೆ ಅವನಿಗೆ ಅದರ ಪರಿಚಯವಿತ್ತು, ಇದು ಬೇರೆ. ಕೆಳಗಿನ ಆ ಹಾಸು ಎಂದಿನಂತೆಯೇ ಇತ್ತು, ಆದರೆ ಅವನಿಗೂ ಅದಕ್ಕೂ ನಡುವಿನ ಗಾಳಿ ಖಾಲಿಯಾಗಿತ್ತು. ಬೆರಳುಗಳು ತಾವಾಗಿಯೇ ತಗಡನ್ನು ಕಚ್ಚಿಕೊಂಡವು. ಪೈಲಟ್ ಹಿಂದೆ ತಿರುಗಿ ನೋಡಿ, ಬಾಗಿಲು ಮುಚ್ಚು ಎಂದು ಸನ್ನೆ ಮಾಡಿ ವಿಮಾನವನ್ನು ಇಳಿಸಿದ. ಕೆಳಗೆ ಯಾರೋ ಚಹಾದ ಲೋಟ ಕೈಗಿತ್ತರು. ಎಲ್ಲರೂ ಒಳ್ಳೆಯವರಾಗಿದ್ದರು, ಅದೇ ಕಷ್ಟವಾಗಿತ್ತು. ಇನ್ನೊಂದು ಶನಿವಾರವೂ ಹಾಗೆಯೇ ಆಯಿತು. ಅವನು ಪ್ಯಾರಾಚೂಟಿನ ಚೀಲವನ್ನು ತಂದು ಮನೆಯ ಅಟ್ಟಕ್ಕೆ ಹಾಕಿದ.

"ಬೇಡದಿದ್ರೆ ಬೇಡ ಬಿಡಿ," ಎಂದಳು ಹೆಂಡತಿ. ಅವಳ ದನಿಯಲ್ಲಿ ಸಂತೋಷವಿರಲಿಲ್ಲ.

ಹಗಲುಹೊತ್ತಿನಲ್ಲೇ ಅವನಿಗೆ ಕನಸುಗಳು ಬೀಳತೊಡಗಿದವು. ಲಿಫ್ಟಿನ ಬಾವಿಯೊಳಗೆ ನಿಂತಿದ್ದಾಗ ಮೇಲಿನ ಯಾವುದೋ ಮಹಡಿಯ ಬಾಗಿಲು ತೆರೆದು ಬೆಳಕಿನ ಒಂದು ಚೌಕ ಬಿದ್ದರೆ, ಇನ್ನೇನು ಕಿತ್ತಳೆಯ ವಾಸನೆ ಬರುತ್ತದೆ ಅನ್ನಿಸುವುದು. ಬಸ್ಸಿನ ಕಿಟಕಿಯಲ್ಲಿ ಗಾಳಿ ಮುಖಕ್ಕೆ ಹೊಡೆದರೆ ರಸ್ತೆ, ಅಂಗಡಿ, ಜನ ಎಲ್ಲ ದೂರ ಸರಿದು, ಹೊಟ್ಟೆಯ ಕೆಳಗೆ ಏನೂ ಇಲ್ಲದಂತಾಗುವುದು. ಇಳಿಯಬೇಕಾದ ಸ್ಟಾಪು ಎಷ್ಟೋ ಸಲ ತಪ್ಪಿಹೋಯಿತು.

ಇಂಥ ದಿನಗಳಲ್ಲೇ ನೀಲಿ ಬಾಲ್ಕನಿಯ ಕಟ್ಟಡದಿಂದ ಫೋನು ಬಂತು. ಲಿಫ್ಟಿನ ಬಾಗಿಲು ಮುಚ್ಚುತ್ತಿಲ್ಲ. ಹೋಗಿ ನೋಡಿದರೆ ಕೆಟ್ಟದ್ದೇನೂ ಇರಲಿಲ್ಲ, ಬಾಗಿಲಿಗೆ ಅಡ್ಡವಾಗಿ ಯಾರೋ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಬಾಗಿಲು ಬಂದು ಬಂದು ಅದಕ್ಕೆ ಮುಟ್ಟಿ ಹಿಂದಕ್ಕೆ ಹೋಗುತ್ತಿತ್ತು. ಟೀಚರ್ ಇದ್ದ ಮಹಡಿಯಲ್ಲೇ. ಅವರ ಮನೆಯ ಬಾಗಿಲು ತೆರೆದಿತ್ತು.

"ಹೀಗೆ ಅಡ್ಡ ಇಡಬಾರದು ಸಾರ್," ಎಂದ, ಒಳಗಿಂದ ಇನ್ನೊಂದು ಪೆಟ್ಟಿಗೆ ಹೊತ್ತು ಬಂದ ಹಿರಿಯರಿಗೆ.

ಅವರು ಪೆಟ್ಟಿಗೆ ಇಳಿಸಿ, ಕನ್ನಡಕ ಸರಿಮಾಡಿಕೊಂಡು ಅವನನ್ನೂ ಅವನ ಚೀಲವನ್ನೂ ನೋಡಿದರು. "ನೀವೇನಾ ಲಿಫ್ಟಪ್ಪ?"

ಟೀಚರಿನ ತಮ್ಮ. ಬೇರೆ ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವರು. ಆಸ್ಪತ್ರೆಯ ಕಾರಿಡಾರಿನಲ್ಲಿ ಒಮ್ಮೆ ದೂರದಿಂದ ಕಂಡಿದ್ದರು. ಅಕ್ಕ ಧುಮುಕಲು ಶುರುಮಾಡಿದ ದಿನದಿಂದ ಅವಳ ಜತೆ ಮಾತು ಬಿಟ್ಟವರು ಎಂಬುದು ಅವನಿಗೆ ಗೊತ್ತಿತ್ತು. ಕೊನೆಗಾಲಕ್ಕೆ ಬಂದು ತಲೆದೆಸೆಯಲ್ಲಿ ನಿಂತಾಗ ಅಕ್ಕನಿಗೆ ಎಚ್ಚರವಿರಲಿಲ್ಲ. ಅವನು ಚೀಲ ಕೆಳಗಿಟ್ಟ. ಅವರ ಗದ್ದದ ಮೇಲೆ ಹಸಿ ಗಾಯವೊಂದಿತ್ತು.

"ಒಳಗೆ ಬನ್ನಿ. ಒಂದು ಎಡವಟ್ಟು ಮಾಡ್ಕೊಂಡಿದೀನಿ," ಎಂದರು.

ಮಲಗುವ ಕೋಣೆಯ ತುಂಬ ಪ್ಯಾರಾಚೂಟು ಚೆಲ್ಲಿತ್ತು. ಮಂಚದ ಮೇಲೆ, ಕುರ್ಚಿಯ ಮೇಲೆ, ತೆರೆದ ಕಪಾಟಿನ ಬಾಗಿಲ ಮೇಲೆ ಬಿಳಿ ಬಟ್ಟೆ, ದಾರಗಳು. ಕಿಟಕಿಯ ಗಾಳಿಗೆ ಅದು ಉಬ್ಬುತ್ತಾ ಇಳಿಯುತ್ತಾ ಉಸಿರಾಡುತ್ತಿತ್ತು.

"ಒಂದು ಕೆಂಪು ಹಿಡಿ ಇತ್ತು. ಏನಪ್ಪಾ ಇದು ಅಂತ ಎಳೆದೆ. ಒಳಗಿಂದ ಸ್ಪ್ರಿಂಗು ಚಂಗ್ ಅಂತ ನೆಗೆದು ಗದ್ದಕ್ಕೇ ಬಡೀತು. ಆಮೇಲೆ ಎಳೆದಷ್ಟೂ ಬಂತು, ಎಳೆದಷ್ಟೂ ಬಂತು..."

ಲಿಫ್ಟಪ್ಪನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕಿದ್ದ. "ಅದು ಎರಡನೇದು ಸಾರ್. ಮೊದಲನೇದು ಕೈ ಕೊಟ್ರೆ ಅಂತ ಇಟ್ಟಿರೋದು. ಟೀಚರ್ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಎಳೆದಿಲ್ಲ. ನೀವು ಎಳೆದ್ಬಿಟ್ರಿ."

ತಮ್ಮನೂ ನಕ್ಕರು. ಆಮೇಲೆ ಮಂಚದ ಅಂಚಿಗೆ ಕುಸಿದು ಕೂತರು.

ಇದನ್ನು ಸರಿಯಾಗಿ ಮಡಿಸಲು ಪರಿಣತರೇ ಬೇಕು, ಸದ್ಯಕ್ಕೆ ಒಟ್ಟುಗೂಡಿಸಿ ಇಡೋಣ ಎಂದ ಲಿಫ್ಟಪ್ಪ. ಇಬ್ಬರೂ ಎರಡು ತುದಿ ಹಿಡಿದು, ಬಟ್ಟೆಯನ್ನು ನೆಲಕ್ಕೆ ಹರಡಿ, ಮೊಣಕಾಲೂರಿ ಗಾಳಿ ಒತ್ತತೊಡಗಿದರು. ಆ ಹಿರಿಯರು ಅಂಗೈಯಿಂದ ಬಲವಾಗಿ ಅದುಮಿದಷ್ಟೂ ಅದು ಇನ್ನೊಂದು ಕಡೆ ಉಬ್ಬಿತು. "ಗದರಬೇಡಿ ಸಾರ್. ತಟ್ಟಿ ಮಲಗಿಸಿ."

ಅವರು ತಲೆ ಎತ್ತದೆ ತಟ್ಟಿದರು. ತಟ್ಟುತ್ತಲೇ ಮಾತು ತೆಗೆದರು.

"ಚಿಕ್ಕವಳಿದ್ದಾಗ ಅಕ್ಕನಿಗೆ ನಿದ್ದೇಲಿ ನಡೆಯೋ ಅಭ್ಯಾಸ ಇತ್ತು. ಗೊತ್ತಾ ನಿಮಗೆ?"

"ಇಲ್ಲ ಸಾರ್."

"ಎದ್ದು ಹೊರಟುಬಿಡೋಳು. ಒಂದ್ಸಲ ತಾರಸಿ ಅಂಚಿಗೆ ಹೋಗಿ ನಿಂತಿದ್ಲು. ಅಪ್ಪ ಹೋಗಿ ಮೆತ್ತಗೆ ಎತ್ಕೊಂಡು ಬಂದ್ರು. ಆಮೇಲಿಂದ ಮಲಗೋವಾಗ ನನ್ನ ಕೈಗೂ ಅವಳ ಕೈಗೂ ಒಂದು ರಿಬ್ಬನ್ನು ಕಟ್ತಾ ಇದ್ರು. ಅವಳು ಎದ್ರೆ ನನಗೆ ಎಚ್ಚರ ಆಗ್ಲಿ ಅಂತ. ನಾನು ಇಷ್ಟುದ್ದ ಇದ್ದೆ. ಎಷ್ಟು ಸಲ ಎದ್ದು, ಅಕ್ಕಾ ಮಲ್ಕೋ, ಅಕ್ಕಾ ಮಲ್ಕೋ ಅಂತ ಹಾಸಿಗೆಗೆ ಎಳೆದು ತಂದಿದೀನೋ. ಮುಖ ನೋಡಿದ್ರೆ ಭಯ ಆಗ್ತಿತ್ತು. ಕಣ್ಣು ತೆರೆದಿರೋದು, ಒಳಗೆ ಅವಳಿರ್ತಿರ್ಲಿಲ್ಲ." ಅವರು ತಟ್ಟುವುದನ್ನು ನಿಲ್ಲಿಸಿದರು. "ವಿಮಾನದಿಂದ ಹಾರ್ತೀನಿ ಅಂತ ಫೋನ್ ಮಾಡಿದಾಗ ನನಗೆ ಕಂಡಿದ್ದು ಆ ಮುಖ. ಬೈದೆ. ಬಾಯಿಗೆ ಬಂದ ಹಾಗೆ ಬೈದೆ."

ಕೆಳಗೆ ರಸ್ತೆಯಲ್ಲಿ ಯಾರದೋ ಸ್ಕೂಟರು ಹೊರಡಲಾರದೆ ಕೆಮ್ಮುತ್ತಿತ್ತು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ," ಎಂದರು ತಮ್ಮ. "ಬಾಗಿಲು ತೆಗೆದಾಗ ಅವಳ ಮುಖ ಹೇಗಿರ್ತಿತ್ತು? ನಿದ್ದೇಲಿ ಇದ್ದ ಹಾಗಿರ್ತಿತ್ತಾ?"

ಲಿಫ್ಟಪ್ಪ ಯೋಚಿಸಲಿಲ್ಲ. "ಇಲ್ಲ ಸಾರ್. ಎಚ್ಚರ. ಅಷ್ಟು ಎಚ್ಚರವಾಗಿರೋ ಮುಖ ನಾನು ಇನ್ಯಾರದ್ದೂ ನೋಡಿಲ್ಲ. ಪಕ್ಕದಲ್ಲಿರೋರೆಲ್ಲರ ಪಟ್ಟಿ ಮುಟ್ಟಿ ನೋಡ್ತಿದ್ರು, ಗಾಳಿ ನೋಡ್ತಿದ್ರು, ಕೆಳಗೆ ನೋಡ್ತಿದ್ರು, ಆಮೇಲೆ ನಮ್ಮ ಮುಖ ನೋಡಿ ನಗ್ತಿದ್ರು. ಹೋಗೋದು ಆಮೇಲೆ."

ಅವರು ಕನ್ನಡಕ ತೆಗೆದು, ಕೈಗೆ ಸಿಕ್ಕ ಪ್ಯಾರಾಚೂಟಿನ ತುದಿಯಿಂದಲೇ ಒರೆಸಿದರು. ಬಹಳ ಹೊತ್ತು ಒರೆಸಿದರು. "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀರಾ? ಹಾರಲ್ಲ ನಾನು. ಸುಮ್ನೆ ನೋಡ್ತೀನಿ."

ಆ ಶನಿವಾರ ಅಟ್ಟದಿಂದ ಚೀಲ ಇಳಿಸುವಾಗ ಹೆಂಡತಿ ಸ್ಟೂಲು ಹಿಡಿದುಕೊಂಡಳು. "ಹೋಗೋದು ಸಾರ್‌ಗೋಸ್ಕರ," ಎಂದ. "ನಾನೇನು ಕೇಳಿದ್ನಾ?" ಎಂದಳು.

ಬಯಲಿನಲ್ಲಿ ಟೀಚರಿನ ತಮ್ಮನೆಂದು ತಿಳಿದ ಕೂಡಲೇ ಎಲ್ಲರೂ ಸುತ್ತ ನೆರೆದರು. ಒಬ್ಬಳು ಅವರಿಗೆ ಜಾಕೀಟು ತೊಡಿಸಿದಳು. ಪೈಲಟ್ ತನ್ನ ಪಕ್ಕದ ಸೀಟು ಒರೆಸಿ ಕೊಟ್ಟು, ನಿಯಮದಂತೆ ಬೆನ್ನಿಗೊಂದು ಪ್ಯಾರಾಚೂಟು ಕಟ್ಟಿದ. "ಸಾರ್, ದಯವಿಟ್ಟು ಕೆಂಪು ಹಿಡಿ ಮುಟ್ಟಬೇಡಿ," ಎಂದ ಲಿಫ್ಟಪ್ಪ. ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು.

ವಿಮಾನ ಏರಿತು. ಹೊಲಗಳು ಚಿಕ್ಕವಾದವು, ರಸ್ತೆಗಳು ದಾರವಾದವು, ಊರಿನ ತಾರಸಿಗಳ ಮೇಲಿನ ನೀರಿನ ಟ್ಯಾಂಕುಗಳು ಮಿನುಗಿ ಮಾಯವಾದವು. ಅಲ್ಲಲ್ಲಿ ಬಿಡಿ ಮೋಡಗಳು, ನೆಲದ ಮೇಲೆ ಅವುಗಳ ನೆರಳು ದನಗಳ ಹಾಗೆ ನಿಧಾನ ಸಾಗುತ್ತಿತ್ತು. ಟೀಚರಿನ ತಮ್ಮ ಗಾಜಿಗೆ ಹಣೆ ಒತ್ತಿ ಕೂತಿದ್ದರು. ಬಾಗಿಲು ತೆರೆದಾಗ ಮಾತ್ರ ಬೆಚ್ಚಿ ಹಿಂದೆ ತಿರುಗಿದರು.

ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದವನು ಲಿಫ್ಟಪ್ಪ. ಚೌಕಟ್ಟು ಹಿಡಿದ. ಬೆರಳುಗಳು ಮತ್ತೆ ಕಚ್ಚಿಕೊಂಡವು. ಪೈಲಟ್ ಕಾದ. ಅವನು ತಲೆಯಾಡಿಸಿ ಹಿಂದೆ ಸರಿಯಬೇಕೆನ್ನುವಷ್ಟರಲ್ಲಿ ತಮ್ಮನ ಮುಖ ಕಂಡಿತು. ಅವರು ಸೀಟಿನ ಬೆನ್ನಿನ ಮೇಲಿಂದ ಕತ್ತು ಚಾಚಿ ಅವನನ್ನೇ ನೋಡುತ್ತಿದ್ದರು. ಕಂಕುಳಿಂದ ಕೈ ಹೊರತೆಗೆದು, ಎರಡೂ ಅಂಗೈ ಬಿಚ್ಚಿ ಅವನಿಗೆ ತೋರಿಸಿದರು.

"ನಾನು ಹಿಡ್ಕೊಂಡಿಲ್ಲ!" ಎಂದು ಕೂಗಿದರು. "ಹೋಗಿ, ಹೋಗಿ!"

ಅದು ತನಗೆ ಹೇಳಿದ್ದೋ ಇನ್ಯಾರಿಗೆ ಹೇಳಿದ್ದೋ ಲಿಫ್ಟಪ್ಪನಿಗೆ ತಿಳಿಯಲಿಲ್ಲ. ಆದರೆ ಬೆರಳುಗಳಿಗೆ ತಿಳಿಯಿತು. ಅವು ಒಂದೊಂದಾಗಿ ಸಡಿಲವಾದವು.

ಮೊದಲು ಗದ್ದಲ. ಆಮೇಲೆ ಆ ಹಳೆಯ, ದಪ್ಪನೆಯ ಗಾಳಿ. ಅವನು ಹೊಟ್ಟೆ ಊರಿ ಮಲಗಿದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಯಾರೂ ಈಜಿ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಕೈಗಳನ್ನು ಚಾಚಿದ. ಗಾಳಿ ಅಂಗೈಗಳನ್ನು ತುಂಬಿಕೊಂಡು ಮೇಲಕ್ಕೆ ಒತ್ತಿ ಹಿಡಿಯಿತು. ಒಂದು ಮೋಡದ ಅಂಚು ಪಕ್ಕದಲ್ಲೇ ಹಾದುಹೋಯಿತು, ಬೆಳ್ಳಗೆ, ಒಳಗಿನಿಂದ ಬಿಸಿಲು ಹತ್ತಿಕೊಂಡ ಹಾಗೆ. ಅದರ ಮೇಲೆ ಅವನದೇ ನೆರಳು ಬಿದ್ದಿತ್ತು, ನೆರಳಿನ ಸುತ್ತ ಕಾಮನಬಿಲ್ಲಿನ ಸಣ್ಣದೊಂದು ಬಳೆ. ಇಂಥದ್ದನ್ನು ಅವನು ಹಿಂದೆ ಕಂಡಿರಲಿಲ್ಲ. ಇದಕ್ಕೆ ಭೂಗೋಳದಲ್ಲಿ ಏನನ್ನುತ್ತಾರೆ ಎಂದು ಕೇಳಬೇಕು ಅಂದುಕೊಂಡ, ಕೇಳಲು ಯಾರೂ ಇಲ್ಲವೆಂಬುದು ಆಮೇಲೆ ನೆನಪಾಯಿತು. ಕಣ್ಣೀರು ಧುಮುಕುವವರ ಬಿಗಿ ಕನ್ನಡಕದೊಳಗೇ ಸುತ್ತಾಡಿತು. ಆದರೂ ಎದೆಯೊಳಗೆ ಎಲ್ಲೋ ಹಗುರಾಗಿತ್ತು. ಪ್ಯಾರಾಚೂಟು ತೆರೆದ ಮೇಲೆ ಅವನು ಎಂದಿಗಿಂತ ನಿಧಾನವಾಗಿ, ದೊಡ್ಡ ದೊಡ್ಡ ಸುತ್ತು ಹಾಕುತ್ತಾ ಇಳಿದ. ಅವಸರವೇನಿತ್ತು?

ಅವನು ಬಟ್ಟೆ ಬಾಚಿ ತೋಳಿಗೆ ಹಾಕಿಕೊಳ್ಳುವಷ್ಟರಲ್ಲಿ ವಿಮಾನ ಇಳಿದಿತ್ತು. ಟೀಚರಿನ ತಮ್ಮ ಹುಲ್ಲಿನ ಮೇಲೆ ತೂರಾಡುತ್ತಾ ನಡೆದು ಬಂದರು.

"ಏನ್ ಸಾರ್, ಹೇಗಿತ್ತು?"

"ಆಂ? ಕಿವಿ ಕಟ್ಟಿದೆ! ಜೋರಾಗಿ ಹೇಳಿ!" ಎಂದು ಇಡೀ ಬಯಲಿಗೆ ಕೇಳುವಂತೆ ಕಿರುಚಿದರು.

ಊರಿಗೆ ಬಂದು ಮುಟ್ಟುವವರೆಗೂ ಕಿವಿ ಬಿಡಲಿಲ್ಲ. ಅವನು ಅವರನ್ನು ಮನೆಗೇ ಕರೆತಂದ. ಹೆಂಡತಿ ಊಟಕ್ಕೆ ಬಡಿಸಿದಳು. ಅವನ ಮುಖ ಒಮ್ಮೆ ನೋಡಿ, ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಮಗಳು, "ಅಜ್ಜಾ, ಎಂಜಲು ನುಂಗಿ, ಸರಿಹೋಗುತ್ತೆ," ಎಂದು ಕೂಗಿ ಹೇಳಿಕೊಟ್ಟಳು. ತಮ್ಮ ವಿಧೇಯರಾಗಿ ನುಂಗಿದರು. ಪ್ರಯೋಜನವಾಗಲಿಲ್ಲ. "ಆ ಪೈಲಟ್ ಒಳ್ಳೇ ಮನುಷ್ಯ ಕಣಮ್ಮಾ! ಮುಂದಿನ ಶನಿವಾರಾನೂ ಸೀಟ್ ಇದೆ ಅಂದ್ರು!" ಎಂದು ಹೆಂಡತಿಗೆ ಕೂಗಿದರು. ಔಷಧಿ ಅಂಗಡಿಯ ಕತೆ ಏನು ಎಂದು ಅವಳು ಸನ್ನೆಯಲ್ಲಿ ಕೇಳಿದಾಗ, "ಒಂದು ದಿನ ಮುಚ್ಚಿದ್ರೆ ಯಾರೂ ಸಾಯಲ್ಲ ಬಿಡಿ!" ಎಂದರು. ಮಗಳು ಬಿದ್ದು ಬಿದ್ದು ನಕ್ಕಳು.

ಊಟವಾದ ಮೇಲೆ ಅವನು ಒಳಗೆ ಹೋಗಿ ಮಲಗಿದ. ಮೈಯಿನ್ನೂ ಗಾಳಿಯ ಮೇಲೇ ಇತ್ತು. ಮಂಚ ಮೆಲ್ಲಗೆ ತೇಲುತ್ತಿತ್ತು. ಪಕ್ಕದ ಕೋಣೆಯಿಂದ ತಮ್ಮನ ದೊಡ್ಡ ದನಿ ಕೇಳುತ್ತಿತ್ತು. ಅಕ್ಕ ಈಜು ಕಲಿಸುತ್ತೇನೆಂದು ತಮ್ಮನನ್ನು ಕೆರೆಗೆ ಕರೆದೊಯ್ದದ್ದು, ಅಕ್ಕನ ಮೊದಲ ಸಂಬಳದಲ್ಲಿ ಬಂದ ಬೂಟು, ಅಕ್ಕ ಹೇಳುತ್ತಿದ್ದ ಸುಳ್ಳುಗಳು. ಹೆಂಡತಿ ನಡುನಡುವೆ "ಹೌದಾ?" ಎನ್ನುತ್ತಿದ್ದಳು. ಅವನಿಗೆ ಗೊತ್ತಿಲ್ಲದ ಒಬ್ಬ ಹುಡುಗಿ ಆ ಕೋಣೆಯಲ್ಲಿ ಓಡಾಡುತ್ತಿದ್ದಳು. ಎದ್ದು ಹೋಗಿ ಕೇಳಬೇಕೆನ್ನಿಸಿತು. ಇರಲಿ, ಕಿವಿ ಸರಿಹೋದ ಮೇಲೂ ಇವರು ಹೇಳದೆ ಬಿಡುವವರಲ್ಲ ಅಂದುಕೊಂಡು, ಹೊದಿಕೆ ಎಳೆದುಕೊಂಡ.